ಬನಹಟ್ಟಿಯ ಮುಚ್ಚದ ಟ್ಯಾಬು

ಬನಹಟ್ಟಿಯ ಅಕ್ಕ ಎರಡು ಸೀರೆಗಳನ್ನು ನೆಲದ ಮೇಲೆ ಹಾಸಿ, "ಇದರಾಗ ವೈನ್ ಯಾವ್ದು, ಮರೂನ್ ಯಾವ್ದು ಹೇಳ ನೋಡೂಣು, ತಂಗಿ" ಎಂದು ಕೇಳಿದರು. ನಾನು ಭಾರೀ ಧೈರ್ಯದಿಂದ ಎಡಗಡೆಯದು ವೈನ್ ಎಂದೆ. ಅಕ್ಕನ ಇಬ್ಬರು ನೆಗೆಣ್ಣಿಯರು, ಅಂದರೆ ಓರಗಿತ್ತಿಯರು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಾನು ತಪ್ಪಿದ್ದೆ. ನನ್ನ ಕಣ್ಣಿಗೆ ಅವೆರಡೂ ಒಂದೇ ಕೆಂಪು.

"ನಗಬ್ಯಾಡ್ರಿ, ಹೋದ ವಾರ ನೀವೂ ಇದ ತಪ್ಪು ಮಾಡೀರಿ" ಎಂದು ಅಕ್ಕ ಅವರನ್ನು ಗದರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಮ್ಮ ಮನ್ಯಾಗ ಇದು ದಾಳಿಂಬರ, ಇದು ಬದನಿಕಾಯಿ. ದೂರಿಂದ ನೋಡಿದ್ರೂ ಹೇಳ್ತೇವಿ. ಆ ವೆಬ್‌ಸೈಟಿನ್ಯಾಗ ಇದಕ್ಕ ವೈನ್ ಅಂತಾರ, ಅದಕ್ಕ ಟೀಲ್ ಅಂತಾರ, ಮತ್ತೊಂದಕ್ಕ ರಸ್ಟ್ ಅಂತಾರ. ಗಡಿಬಿಡ್ಯಾಗ ಯಾವ್ದು ಅಂತ ತಿಳ್ಕೋಬೇಕ?"

ಅಕ್ಕನ ಮನೆಯಲ್ಲಿ ಮಗ್ಗಗಳಿವೆ. ಮೊದಲೆಲ್ಲ ನೇಯ್ದ ಸೀರೆಗಳನ್ನು ಒಬ್ಬ ಸಾಹುಕಾರರಿಗೆ ಕೊಟ್ಟುಬಿಡುತ್ತಿದ್ದರು. ಅಕ್ಕ ಹಟ ಹಿಡಿದು ಮಾರಾಟದ ಒಂದು ವೆಬ್‌ಸೈಟಿನಲ್ಲಿ ಮನೆಯ ಅಂಗಡಿ ತೆರೆದಿದ್ದರು. ಆರ್ಡರು ಬರುತ್ತಿದ್ದವು, ಸೀರೆ ಹೋಗುತ್ತಿದ್ದವು, ಬಣ್ಣ ತಪ್ಪಿತೆಂದು ಅಷ್ಟೇ ಜೋರಾಗಿ ವಾಪಸ್ಸೂ ಬರುತ್ತಿದ್ದವು. ವೆಬ್‌ಸೈಟಿನವರು ಎಚ್ಚರಿಕೆ ಕಳಿಸಿದ್ದರು. ದೀಪಾವಳಿಯವರೆಗೆ ನೋಡುತ್ತೇವೆ, ವಾಪಸ್ಸು ಬರುವುದು ಕಡಿಮೆಯಾಗದಿದ್ದರೆ ಅಂಗಡಿ ಬಂದ್.

"ಬಂದ್ ಆತಂದ್ರ ಮತ್ತ ಸಾವ್ಕಾರನ ಕಟ್ಟೀ ಮುಂದ ಹೋಗಿ ನಿಂದರಬೇಕ" ಎಂದರು ಅಕ್ಕ. "ಅಂವ ಹೇಳಿದ್ದ ರೇಟು, ಅಂವ ಹೇಳಿದ್ದ ಬಣ್ಣ. ಒಂದ್ಸಲ ನಮ್ಮ ಮನಸ್ಸಿನ ಬಣ್ಣ ನೇದು ಮಾರೇವಿ ನೋಡ, ಇನ್ನ ಹಿಂದಕ ಹೋಗಾಕ ಮನಸ್ಸ ಬರವಲ್ದು."

ನನಗೆ ಆ ಕೊನೆಯ ಮಾತು ನಾಟಿತು. ನನ್ನೂರು ಜಮಖಂಡಿಗೆ ಹೊರಟ ಬಸ್ಸಿನಲ್ಲಿ ಕೂತು, ನನ್ನೊಡನೆ ಕಂಪ್ಯೂಟರ್ ಕೋಡು ಬರೆಯುವ ಮುಧೋಳದ ಜೊತೆಗಾರನಿಗೆ ಫೋನ್ ಮಾಡಿ, ಕೈಯಲ್ಲಿರುವುದನ್ನೆಲ್ಲ ಬದಿಗಿಡು, ಒಂದು ಎಕ್ಸ್‌ಟೆನ್ಶನ್ ಮಾಡೋಣ ಎಂದೆ.

ಎಕ್ಸ್‌ಟೆನ್ಶನ್ ಎಂದರೆ ಬ್ರೌಸರಿಗೆ ಹಚ್ಚುವ ಸಣ್ಣ ಸೇರ್ಪಡೆ. ಸೀರೆಗೆ ಫಾಲ್ ಹಚ್ಚಿದ ಹಾಗೆ. ವೆಬ್‌ಸೈಟು ಅವರದೇ, ಅದರಲ್ಲಿ ಒಂದು ಅಕ್ಷರ ತಿದ್ದಲೂ ನಮಗೆ ಹಕ್ಕಿಲ್ಲ. ಆದರೆ ಅಕ್ಕನ ಲ್ಯಾಪ್‌ಟಾಪಿನಲ್ಲಿ ಆ ಪುಟ ತೆರೆದಾಗ, ಪ್ರತಿಯೊಂದು ಆರ್ಡರಿನ ಪಕ್ಕದಲ್ಲಿ ನಮ್ಮದೊಂದು ಚೀಟಿ ಅಂಟಿಸಬಹುದು: ದಾಳಿಂಬರ, ಗಿಳಿಹಸಿರು, ಇಟ್ಟಂಗಿ, ನವಿಲು. ಡಿಸೈನಿನ ನಂಬರು ಮತ್ತು ವೆಬ್‌ಸೈಟಿನ ಇಂಗ್ಲಿಷ್ ಬಣ್ಣ, ಇವೆರಡನ್ನೂ ಜೋಡಿಸಿ ನೋಡಿದರೆ ಮನೆಯ ಬಣ್ಣದ ಹೆಸರು ಸಿಗುತ್ತದೆ. ಇಷ್ಟೇ ಕೆಲಸ. ನಾಲ್ಕು ದಿನದಲ್ಲಿ ಮುಗಿಸುತ್ತೇನೆಂದು ನಾನು ಅಕ್ಕನಿಗೆ ಮಾತು ಕೊಟ್ಟುಬಿಟ್ಟಿದ್ದೆ. ನನಗೆ ಸಿಟ್ಟು ಎಷ್ಟು ಬೇಗ ಬರುತ್ತದೋ ಧೈರ್ಯವೂ ಅಷ್ಟೇ ಬೇಗ ಬರುತ್ತದೆ.

ಮುಧೋಳದವನು ಬಂಗಾರದಂಥ ಹುಡುಗ, ನನಗಿಂತ ಐದಾರು ವರ್ಷ ಚಿಕ್ಕವನು. ಅವನದೊಂದೇ ಚಟ: ಯಾವ ಕೆಲಸ ಬಂದರೂ ಮೊದಲು ಅದಕ್ಕೊಂದು ಪ್ಯಾಕೇಜ್ ಹುಡುಕುತ್ತಾನೆ. ಬೇರೆಯವರು ಬರೆದು ಇಂಟರ್‌ನೆಟ್ಟಿನಲ್ಲಿ ಇಟ್ಟ ಕೋಡಿನ ಪೊಟ್ಟಣಗಳಿಗೆ ನಮ್ಮ ಕಸುಬಿನಲ್ಲಿ ಪ್ಯಾಕೇಜ್ ಎನ್ನುತ್ತಾರೆ. ಒಂದನ್ನು ತಂದರೆ ಅದು ನಂಬಿಕೊಂಡ ಇನ್ನೊಂದು ಬರುತ್ತದೆ, ಅದರ ಬೆನ್ನಿಗೆ ಮತ್ತೊಂದು. ಎರಡನೆಯ ದಿನ ಅವನು ಕಳಿಸಿದ್ದನ್ನು ನೋಡಿದೆ. ತಾರೀಖು ಬರೆಯಲು ಒಂದು, ಬಣ್ಣ ಗುರುತಿಸಲು ಒಂದು, ಚೀಟಿ ಚೆಂದಾಗಿ ಮೂಡಿ ಬರಲು ಒಂದು, ಆ ಚೀಟಿ ತೇಲಿಬರುವ ಚೆಲುವಿಗೆ ಬೇರೆ ಒಂದು. ನಮ್ಮ ಸ್ವಂತ ಕೋಡು ಅಂಗೈಯಗಲ, ತಂದ ಸಾಮಾನು ಒಂದು ಟ್ರ್ಯಾಕ್ಟರ್.

"ಏನೋ ಇದು, ಸೀರಿ ಬಣ್ಣ ಹೇಳಾಕ ಇಷ್ಟೆಲ್ಲಾ ಬೇಕಾ?" ಎಂದೆ.

"ಒಂದೊಂದು ಸಾಲಿನ್ಯಾಗ ಕೆಲಸ ಆಗತೈತ್ರಿ ಅಕ್ಕಾರ. ನಾವ್ಯಾಕ ಮೈ ನೋಯಿಸ್ಕೋಬೇಕು?"

ಹಬ್ಬ ಹತ್ತಿರ ಬರುತ್ತಿತ್ತು. ಕೆಲಸ ಆಗುತ್ತದಲ್ಲ ಎಂದು ನಾನೂ ಸುಮ್ಮನಾದೆ.

ಮೊದಲ ಸಲ ಚಲಾಯಿಸಿದಾಗ ಅರ್ಧ ಮಾತ್ರ ನಡೆಯಿತು. ಎಕ್ಸ್‌ಟೆನ್ಶನ್ನಿನ ಗುರುತು ಒತ್ತಿದರೆ ತೆರೆಯುವ ಸಣ್ಣ ಕಿಟಕಿ, ಅಂದರೆ ಪಾಪ್‌ಅಪ್, ಚೆನ್ನಾಗಿ ತೆರೆಯಿತು. ಆರ್ಡರಿನ ಪುಟದಲ್ಲಿ ಮಾತ್ರ ಒಂದು ಚೀಟಿಯೂ ಇಲ್ಲ. ದೋಷ ತೋರಿಸುವ ಕನ್ಸೋಲಿನಲ್ಲಿ ಕೆಂಪು ಅಕ್ಷರದ ಒಂದು ಸಾಲು ಕೂತಿತ್ತು, ಇಲ್ಲಿ ಇಂಪೋರ್ಟ್, ಅಂದರೆ ಬೇರೆ ಫೈಲಿನಿಂದ ತರಿಸಿಕೊಳ್ಳುವುದು, ನಡೆಯುವುದಿಲ್ಲ ಎಂದು.

ಕಾರಣ ತಿಳಿಯಲು ಒಂದು ಪೂರ್ತಿ ಮಧ್ಯಾಹ್ನ ಹೋಯಿತು. ನಾವು ಕೋಡನ್ನು ಸಣ್ಣ ಸಣ್ಣ ಫೈಲುಗಳಲ್ಲಿ ಬರೆಯುತ್ತೇವೆ, ಒಂದೊಂದೂ ಒಂದೊಂದು ಮಾಡ್ಯೂಲ್. ಬಂಡ್ಲರ್ ಎಂಬ ಸಾಧನ, ಯಾವುದಕ್ಕೆ ಯಾವುದು ಬೇಕೆಂದು ಹುಡುಕಿ, ತಂದ ಪ್ಯಾಕೇಜುಗಳನ್ನೂ ಸೇರಿಸಿ ಗಂಟು ಕಟ್ಟಿ ಕೊಡುತ್ತದೆ. ನಮ್ಮ ಬಂಡ್ಲರ್ ಜಾಣತನ ತೋರಿಸಿತ್ತು. ಪಾಪ್‌ಅಪ್ಪಿಗೂ ಪುಟದೊಳಗೆ ಹೊಕ್ಕು ಚೀಟಿ ಅಂಟಿಸುವ ಸ್ಕ್ರಿಪ್ಟಿಗೂ ಬೇಕಾದ ಸಮಾನ ಭಾಗವನ್ನು ಕತ್ತರಿಸಿ ಬೇರೆ ಫೈಲು ಮಾಡಿ, ಇಬ್ಬರೂ ಅಲ್ಲಿಂದ ತೆಗೆದುಕೊಳ್ಳಿ ಎಂದಿತ್ತು. ಪಾಪ್‌ಅಪ್ಪಿಗೆ ಹಾಗೆ ಹೋಗಿ ತರಲು ಬರುತ್ತದೆ. ಪುಟದ ಸ್ಕ್ರಿಪ್ಟಿಗೆ ಬರುವುದಿಲ್ಲ. ಅದಕ್ಕೆ ಬೇಕಾದದ್ದೆಲ್ಲ ಒಂದೇ ಫೈಲಿನಲ್ಲಿ ಇರಬೇಕು.

ಹಂಚಿಕೊಂಡು ಉಣ್ಣುವ ಆಟವನ್ನೇ ನಿಲ್ಲಿಸಿದೆ. ಬಂಡ್ಲರಿನ ಸೆಟ್ಟಿಂಗನ್ನು ಬದಲಿಸಿ, ಪುಟದ ಸ್ಕ್ರಿಪ್ಟು, ಪಾಪ್‌ಅಪ್ಪು, ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟು, ಮೂರಕ್ಕೂ ಬೇರೆ ಬೇರೆ ಗಂಟು ಕಟ್ಟಿಸಿದೆ. ಅವರವರ ಬುತ್ತಿ ಅವರವರ ಹತ್ತಿರ. ಪರೀಕ್ಷೆಯ ಹೊತ್ತಿನಲ್ಲಿ ಬಂಡ್ಲರ್ ಬಳಸುವ ಒಂದು ಅಡ್ಡದಾರಿಯನ್ನೂ ಬ್ರೌಸರಿನ ಭದ್ರತೆಯ ನಿಯಮ ಒಪ್ಪುತ್ತಿರಲಿಲ್ಲ, ಅದನ್ನೂ ಮುಚ್ಚಿದೆ. ಪುಟ ತೆರೆದೆ. ಆರ್ಡರುಗಳ ಪಕ್ಕದಲ್ಲಿ ದಾಳಿಂಬರ, ಗಿಳಿಹಸಿರು, ಇಟ್ಟಂಗಿ ಎಂದು ಸಾಲಾಗಿ ಮೂಡಿದವು. ಕುರ್ಚಿಯಿಂದ ಎದ್ದು ಒಬ್ಬಳೇ ಚಪ್ಪಾಳೆ ಹೊಡೆದೆ. ಮೇಲುಮಹಡಿಯ ನನ್ನ ಕೋಣೆಯಲ್ಲಿ ಏನಾಯಿತೆಂದು ಕೆಳಗಿನ ಕಿರಾಣಿ ಅಂಗಡಿಯವರು ಕತ್ತೆತ್ತಿ ನೋಡಿದರು.

ಎಕ್ಸ್‌ಟೆನ್ಶನ್ನುಗಳನ್ನು ಹಂಚುವ ಅಂಗಡಿ ಬ್ರೌಸರಿನವರದೇ ಇದೆ. ಅಲ್ಲಿಗೆ ಕಳಿಸಿದರೆ ಅವರು ಪರಿಶೀಲಿಸಿ ಒಳಗೆ ಬಿಡುತ್ತಾರೆ. ನಾವು ಕಳಿಸಿದ್ದನ್ನು ಅವರು ತಿರಸ್ಕರಿಸಿದರು. ಎಕ್ಸ್‌ಟೆನ್ಶನ್ ಹೊರಗಿನಿಂದ ಕೋಡನ್ನು ತರಿಸಿಕೊಳ್ಳುತ್ತಿದೆ, ಅದಕ್ಕೆ ಅನುಮತಿಯಿಲ್ಲ ಎಂಬ ಕಾರಣ ಕೊಟ್ಟಿದ್ದರು.

ನಾನು ಹಾಗೆ ಎಲ್ಲೂ ಬರೆದಿರಲಿಲ್ಲ. ಕಂಪ್ಯೂಟರಿನಲ್ಲಿದ್ದ ಪ್ಯಾಕೇಜುಗಳನ್ನೆಲ್ಲ ಜಾಲಾಡಿದೆ, ಅಂಥ ಸಾಲು ಒಂದೂ ಸಿಗಲಿಲ್ಲ. ಒಂದು ದಿನ ಪೂರ್ತಿ ಹುಡುಕಿ, ಪರಿಶೀಲಕರಿಗೇ ಕಣ್ಣು ಕಾಣುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೆ. ಕೊನೆಗೆ ಹೊಳೆಯಿತು: ಅಂಗಡಿಗೆ ಕಳಿಸಿದ ಗಂಟನ್ನು ಕಟ್ಟಿದ್ದು ನನ್ನ ಕಂಪ್ಯೂಟರಲ್ಲ, ಮುಧೋಳದ್ದು. ಅಂಗಡಿಗೆ ಹೋದ ಫೈಲನ್ನೇ ಬಿಚ್ಚಿ ಹುಡುಕಿದೆ. ಅಲ್ಲಿತ್ತು. ಚೀಟಿಯನ್ನು ತೇಲಿಸುವ ಪ್ಯಾಕೇಜಿನ ಹೊಸ ಆವೃತ್ತಿ ಎಲ್ಲಿಂದಲೋ ಒಂದು ಸ್ಕ್ರಿಪ್ಟ್ ತರಿಸುತ್ತಿತ್ತು. ನನ್ನಲ್ಲಿದ್ದದ್ದು ಹಳೆಯ ಆವೃತ್ತಿ, ಅದಕ್ಕೆ ಈ ಚಾಳಿ ಇರಲಿಲ್ಲ.

ಇಬ್ಬರಲ್ಲೂ ಒಂದೇ ಆವೃತ್ತಿ ಇರಲೆಂದೇ ಲಾಕ್‌ಫೈಲ್ ಎಂಬುದೊಂದು ಇರುತ್ತದೆ. ಯಾವ ಪ್ಯಾಕೇಜು, ಯಾವ ಆವೃತ್ತಿ ಎಂದು ಅದು ಬಿಗಿಯಾಗಿ ಹಿಡಿದಿಡುತ್ತದೆ. ಫೋನ್ ಮಾಡಿ ಕೇಳಿದೆ.

"ಅದನ್ನ ಅಳಿಸಿದ್ನಿರಿ" ಎಂದ.

"ಯಾಕ?"

"ನಿಮ್ಮದಕ್ಕೂ ನಂದಕ್ಕೂ ಹೊಂದಿಕಿ ಆಗವಲ್ದಾಗಿತ್ರಿ. ಬಾಳ ಉದ್ದ ಬ್ಯಾರೆ ಇತ್ತು. ಹೊಸಾದು ತಾನ ಹುಟ್ಟತೈತಲ್ಲ ಅಂತ ಅಳಿಸಿದ್ನಿ."

ಹೊಸದು ಹುಟ್ಟಿತ್ತು ನಿಜ, ಹೊಸ ಆವೃತ್ತಿಗಳನ್ನೆಲ್ಲ ಹೊತ್ತುಕೊಂಡು. ನಾನು ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ, "ಬೈಯ್ಯೂದಿದ್ರ ಮುಧೋಳಕ್ಕ ಬಂದು ಬೈರಿ ಅಕ್ಕಾರ, ಮಿರ್ಚಿ ಭಜಿ ಬಿಸಿ ಅದಾವು" ಎಂದ. ಅವನ ಮೇಲೆ ಸಿಟ್ಟು ಹಿಡಿದಿಡುವುದು ನನಗೆ ಇಲ್ಲಿಯವರೆಗೆ ಸಾಧ್ಯವಾಗಿಲ್ಲ.

ಮಾರನೆಯ ದಿನ ಮುಧೋಳಕ್ಕೆ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಯೋಚಿಸಿದ್ದು ಒಂದೇ ವಿಷಯ. ತಪ್ಪಿದ ಒಂದು ಪ್ಯಾಕೇಜನ್ನು ಕಿತ್ತು ಮತ್ತೆ ಕಳಿಸುವುದು ಸುಲಭ. ಆದರೆ ಉಳಿದವುಗಳ ಹೊಟ್ಟೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು? ಇನ್ನೊಂದು ಸಲ ತಿರಸ್ಕಾರವಾದರೆ ದೀಪಾವಳಿಯ ಆರ್ಡರುಗಳು ಕೈಬಿಟ್ಟು ಹೋಗುತ್ತವೆ, ಅಕ್ಕನ ಅಂಗಡಿಯೂ ಹೋಗುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರದ ಅವನ ಕೋಣೆ ತಲುಪುವ ಹೊತ್ತಿಗೆ ನಾನು ನಿರ್ಧರಿಸಿದ್ದೆ. ಎಲ್ಲವನ್ನೂ ತೆಗೆಯುವುದು. ಯಾವುದಿಲ್ಲದೆ ನಡೆಯುವುದೇ ಇಲ್ಲವೋ ಅದನ್ನು ಮಾತ್ರ ಮತ್ತೆ ಒಳಗೆ ಕರೆಯುವುದು.

ಅವನ ಮುಖ ಸಣ್ಣದಾಯಿತು. ಆದರೂ ಕೂತ. ಒಂದು ನಿಯಮ ಮಾಡಿದೆ: ಪ್ರತಿಯೊಂದು ಪ್ಯಾಕೇಜೂ ಯಾಕೆ ಬೇಕೆಂದು ಅಕ್ಕನಿಗೆ ತಿಳಿಯುವ ಹಾಗೆ ಒಂದು ಮಾತಿನಲ್ಲಿ ಹೇಳಬೇಕು.

"ಇದು?"

"ತಾರೀಖು ಕನ್ನಡದಾಗ ಬರ್ಯಾಕ್ರಿ."

"ಬ್ರೌಸರಿಗೇ ಕನ್ನಡದ ತಾರೀಖು ಬರತೈತಿ. ತಗಿ."

"ಇದು ಬಣ್ಣ ನೋಡಿ ಹೆಸರ ಹೇಳೂದ್ರಿ. ಬಾಳ ಶಾಣ್ಯಾ ಐತಿ."

"ದಾಳಿಂಬರ ಅನ್ನತೈತೇನ?"

"ಇಲ್ರಿ, ಅದೂ ವೈನ್ ಅಂತನ ಅಂತೈತಿ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ವೆಬ್‌ಸೈಟು ಮಾಡುತ್ತಿದ್ದ ತಪ್ಪನ್ನೇ ಮಾಡುವ ಪ್ಯಾಕೇಜನ್ನು ನಾವು ಕರೆತಂದು ಕೂರಿಸಿಕೊಂಡಿದ್ದೆವು. ಅದರ ಜಾಗದಲ್ಲಿ ಸಾದಾ ಒಂದು ಕೋಷ್ಟಕ ಸಾಕಿತ್ತು. ಅದನ್ನು ಅಕ್ಕನೇ ಹೇಳಿ ತುಂಬಿಸಿದ್ದರು. ಚೀಟಿ ತೇಲಿಬರುವ ಚೆಲುವನ್ನೂ ಬಿಟ್ಟೆವು, ಇದ್ದಲ್ಲೇ ದಪ್ಪ ಅಕ್ಷರದಲ್ಲಿ ಬಂದರೆ ಸಾಕು. ಒಂದೊಂದನ್ನೇ ತೆಗೆಯುವುದು, ಗಂಟು ಕಟ್ಟಿಸುವುದು, ಚಲಾಯಿಸಿ ನೋಡುವುದು. ಪ್ರತಿ ಸಲ ಗಂಟು ಸಣ್ಣದಾದಾಗ ಅವನಿಗೂ ಹುರುಪು ಬಂತು. ಸಂಜೆಯಾಗುವ ಹೊತ್ತಿಗೆ ತೆಗೆಯುವವನು ಅವನು, "ತಡಿಯೋ, ಅದು ಬೇಕು" ಎನ್ನುವವಳು ನಾನು. ಬಂಡ್ಲರ್ ಒಂದು ಉಳಿಯಿತು. ಎಕ್ಸ್‌ಟೆನ್ಶನ್ನಿನ ಒಳಗೆ ಹೊರಗಿನವರ ಕೋಡು ಒಂದು ಸಾಲೂ ಉಳಿಯಲಿಲ್ಲ. ಫೈಲು ಎಷ್ಟು ಚಿಕ್ಕದಾಗಿತ್ತೆಂದರೆ ಏನೋ ಬಿಟ್ಟುಹೋಗಿದೆ ಎಂದು ಇಬ್ಬರೂ ಎರಡೆರಡು ಸಲ ಪರೀಕ್ಷಿಸಿದೆವು.

ಈ ಸಲ ಒಪ್ಪಿಗೆ ಬೇಗ ಬಂತು. ಅಕ್ಕನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟು ಬಂದೆ. ನೆಗೆಣ್ಣಿಯರು ಚೀಟಿ ನೋಡುತ್ತ ಸೀರೆ ಎತ್ತಿ ಎತ್ತಿ ಪ್ಯಾಕ್ ಮಾಡಿದರು. ಹತ್ತು ದಿನ ಒಂದೂ ದೂರು ಬರಲಿಲ್ಲ. ಬಣ್ಣದ ಕೋಷ್ಟಕವನ್ನು ತಿದ್ದಲು ಪ್ರತಿ ಸಲ ನನಗೆ ಹೇಳಬೇಕಲ್ಲ ಎಂದು ಅಕ್ಕ ಅಂದದ್ದಕ್ಕೆ, ಪಾಪ್‌ಅಪ್ಪಿನಲ್ಲಿ ಅವರೇ ತಿದ್ದುವ ಹಾಗೆ ಮಾಡಿ ಹೊಸ ಆವೃತ್ತಿ ಕಳಿಸಿದೆವು. ಅದು ತಾನಾಗಿಯೇ ಅವರ ಬ್ರೌಸರಿಗೆ ಹೋಗಿ ಕೂತಿತು. ನಾನು ಜಮಖಂಡಿಯಲ್ಲಿ ಕಾಲು ಚಾಚಿ ಮಲಗಿದೆ.

ದಸರೆ ಕಳೆದು ದೀಪಾವಳಿಯ ಆರ್ಡರುಗಳು ಸುರಿಯುತ್ತಿದ್ದಾಗ ಅಕ್ಕನ ಫೋನ್ ಬಂತು. ದನಿಯೇ ಬೇರೆಯಾಗಿತ್ತು.

"ತಂಗಿ, ಮತ್ತ ವಾಪಸ್ ಬರಾಕತ್ತಾವು. ಒಂದ ದಿನದಾಗ ನಾಕು ಬಂದಾವು. ನೂಲು ಬದಲಿ ಆತಂತ ನಾ ಬಣ್ಣ ತಿದ್ದೇನಿ. ನಾ ತಿದ್ದಿದ್ದು ಪುಟದಾಗ ಬರವಲ್ದು."

ಒಂದು ಡಿಸೈನಿನಲ್ಲಿ ವೆಬ್‌ಸೈಟು ವೈನ್ ಎನ್ನುವುದು ಅಕ್ಕನ ಕೋಷ್ಟಕದಲ್ಲಿ ದಾಳಿಂಬರ ಹೋಗಿ ಬದನಿಕಾಯಿ ಆಗಿತ್ತು. ಪುಟದ ಚೀಟಿ ಮಾತ್ರ ಇನ್ನೂ ದಾಳಿಂಬರ ಎನ್ನುತ್ತಿತ್ತು, ನೆಗೆಣ್ಣಿಯರು ಅದನ್ನು ನಂಬಿ ದಾಳಿಂಬರವನ್ನೇ ಕಳಿಸುತ್ತಿದ್ದರು. ಮೊದಲು ಇಂಗ್ಲಿಷ್ ತಿಳಿಯದೆ ತಪ್ಪುತ್ತಿದ್ದವರು ಈಗ ನನ್ನ ಕನ್ನಡ ನಂಬಿ ತಪ್ಪುತ್ತಿದ್ದರು. ಅಂಗಡಿ ಮುಚ್ಚಿದರೆ ಈ ಸಲ ಅದು ನನ್ನ ಕೈಯಿಂದಲೇ ಮುಚ್ಚಿದ ಹಾಗೆ.

ನನ್ನ ಕಂಪ್ಯೂಟರಿನಲ್ಲಿ ಪರೀಕ್ಷಿಸಿದೆ, ಸರಿ ಇತ್ತು. ಮುಧೋಳದಲ್ಲಿಯೂ ಸರಿ ಇತ್ತು. ಲ್ಯಾಪ್‌ಟಾಪು ಎತ್ತಿಕೊಂಡು ಬನಹಟ್ಟಿಯ ಬಸ್ಸು ಹತ್ತಿದೆ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ಹಾಡು ಹಾಕಿಕೊಂಡು ತೂಗುತ್ತ ಹೋಗುತ್ತಿದ್ದವು, ಒಂದನ್ನೂ ದಾಟಲು ಆಗುತ್ತಿರಲಿಲ್ಲ. ಡ್ರೈವರನಿಗಿಂತ ಹೆಚ್ಚು ಸಲ ನಾನೇ ಕೂತಲ್ಲಿಂದ ಎಕ್ಸಿಲರೇಟರು ತುಳಿದೆ.

ಅಕ್ಕನ ಮನೆಯ ಪಡಸಾಲೆಯಲ್ಲಿ ಸೀರೆಯ ರಾಶಿ, ಟೇಪು, ಕತ್ತರಿ. ಒಳಗಿನಿಂದ ಮಗ್ಗದ ಸದ್ದು. ಕೊರಿಯರಿನವನು ಸಂಜೆ ಬರುವವನಿದ್ದ. ಲ್ಯಾಪ್‌ಟಾಪಿನ ಮುಂದೆ ಕೂತು ಪಾಪ್‌ಅಪ್ ತೆರೆದೆ, ಅಲ್ಲಿ ಬದನಿಕಾಯಿ ಎಂದೇ ಇತ್ತು. ಪುಟದಲ್ಲಿ ದಾಳಿಂಬರ. ಇರಲಿ, ಮೊದಲು ಪುಟವನ್ನು ರಿಫ್ರೆಶ್ ಮಾಡಿ ನೋಡೋಣವೆಂದು ಬೆರಳು ಎತ್ತಿದೆ.

"ಬ್ಯಾಡಾ!"

ಮೂವರೂ ಒಟ್ಟಿಗೆ ಚೀರಿದರು. ಕಿರಿಯ ನೆಗೆಣ್ಣಿ ಟೇಪು ಬಿಸಾಡಿ ಬಂದು ನನ್ನ ಮುಂಗೈ ಹಿಡಿದುಕೊಂಡಳು.

"ಏನಾತ್ರಿ?" ಎಂದೆ ಹೆದರಿ.

"ಅದನ್ನ ಒತ್ತಿದ್ರ ಹೊರಗ ಹಾಕತೈತಿ" ಎಂದರು ಅಕ್ಕ. "ಮತ್ತ ಒಳಗ ಹೋಗಾಕ ಓಟಿಪಿ ಬೇಕ. ಓಟಿಪಿ ನಮ್ಮ ಮಾವಾರ ಫೋನಿಗೆ ಬರತೈತಿ."

"ಮಾವಾರ ಎಲ್ಲೆದಾರ?"

ಮೂವರೂ ಹೊಲದ ಕಡೆ ಕೈ ತೋರಿಸಿದರು. ಅಕ್ಕನ ಮಾವ ಮುಧೋಳ ನಾಯಿ ಸಾಕಿದ್ದಾರೆ. ಬೆಳಗಾದರೆ ಅದನ್ನು ಓಡಿಸಲು ಹೊಲದ ಕಡೆ ಹೋಗುತ್ತಾರೆ, ಯಾವಾಗ ಬರುತ್ತಾರೆಂದು ಅವರಿಗೂ ಗೊತ್ತಿರುವುದಿಲ್ಲ.

"ಫೋನ್ ಮಾಡ್ರಲಾ" ಎಂದೆ.

"ಬಂದ್ ಮಾಡಿ ಕಿಸೆದಾಗ ಇಟ್ಟಿರತಾರ. ಫೋನ ಬಾರಿಸಿದ್ರ ನಾಯಿ ಬೆದರತೈತಂತ."

ಅಂಗಡಿ ತೆರೆದಾಗ ಮನೆಯ ಹಿರಿಯರ ನಂಬರು ಕೊಟ್ಟಿದ್ದರು. ಅದಕ್ಕೇ ಆ ಮನೆಯಲ್ಲಿ ಒಂದು ಕಟ್ಟುನಿಟ್ಟು ಬೆಳೆದಿತ್ತು: ಬ್ರೌಸರಿನಲ್ಲಿ ಆ ಪುಟ ತೆರೆದಿರುವ ಟ್ಯಾಬನ್ನು ಯಾರೂ ಮುಚ್ಚಬಾರದು, ರಿಫ್ರೆಶ್ ಮಾಡಬಾರದು, ಲ್ಯಾಪ್‌ಟಾಪು ಬಂದ್ ಮಾಡಬಾರದು. ಹೊಸ ಆರ್ಡರುಗಳನ್ನು ಪುಟವೇ ತಂದು ತೋರಿಸುತ್ತದೆ, ಮತ್ತೇಕೆ ಮುಟ್ಟಬೇಕು? ನಾನು ಎಕ್ಸ್‌ಟೆನ್ಶನ್ ಹಾಕಿಕೊಟ್ಟ ದಿನ ಮಾವ ಮನೆಯಲ್ಲಿದ್ದರು, ಆವತ್ತು ತೆರೆದ ಟ್ಯಾಬು ಇವತ್ತಿಗೂ ತೆರೆದೇ ಇತ್ತು.

ಆಗ ನನಗೆ ಇಡೀ ಚಿತ್ರ ಕಂಡಿತು. ಎಕ್ಸ್‌ಟೆನ್ಶನ್ ಹೊಸದಾದರೂ, ತೆರೆದಿದ್ದ ಟ್ಯಾಬಿನೊಳಗೆ ಓಡುತ್ತಿದ್ದದ್ದು ಹಳೆಯ ಸ್ಕ್ರಿಪ್ಟು. ಅದು ಹೊಸ ಪಾಪ್‌ಅಪ್ಪಿನ ಜೊತೆ ಮಾತು ಬಿಟ್ಟು, ತನ್ನ ಹಳೆಯ ಕೋಷ್ಟಕ ಹಿಡಿದುಕೊಂಡು ನಿಷ್ಠೆಯಿಂದ ಚೀಟಿ ಅಂಟಿಸುತ್ತ ಕೂತಿತ್ತು. ಅಷ್ಟೇ ಅಲ್ಲ. ಬಣ್ಣದ ಕೋಷ್ಟಕ ಒಂದೇ ಮಾಡ್ಯೂಲು, ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ ಎಂದು ನಾನು ತಿಳಿದಿದ್ದೆ. ಬರೆಯುವಾಗ ಅದು ಒಂದೇ. ಗಂಟು ಕಟ್ಟಿದ ಮೇಲೆ ಮೂರು ಬುತ್ತಿಯಲ್ಲಿ ಮೂರು ಪ್ರತಿ. ಪಾಪ್‌ಅಪ್ ತಿದ್ದಿದ್ದನ್ನು ಬ್ರೌಸರಿನ ಉಗ್ರಾಣವಾದ ಸ್ಟೋರೇಜಿನಲ್ಲಿ ಇಡುತ್ತಿತ್ತು ನಿಜ, ಆದರೆ ಪುಟದ ಸ್ಕ್ರಿಪ್ಟು ಅದನ್ನು ಪುಟ ತೆರೆದಾಗ ಒಮ್ಮೆ ಓದಿದರೆ ಮುಗಿಯಿತು. ನಾನೂ ಮುಧೋಳದವನೂ ಮಾತು ಮಾತಿಗೆ ರಿಫ್ರೆಶ್ ಒತ್ತುವ ಜನ. ನಮ್ಮ ಕಣ್ಣಿಗೆ ಈ ತಪ್ಪು ಬೀಳುವ ಸಂಭವವೇ ಇರಲಿಲ್ಲ.

ಅವನಿಗೆ ಫೋನ್ ಹಚ್ಚಿದೆ.

"ರಿಫ್ರೆಶ್ ಮಾಡ್ರಿ ಅಕ್ಕಾರ, ಎಲ್ಲಾರೂ ಹಂಗ ಮಾಡ್ತಾರ" ಎಂದ.

"ಈ ಮನ್ಯಾಗ ಯಾರೂ ಮಾಡೂದಿಲ್ಲ. ಮಾಡಾಕ ಹೋದ್ರ ಕೈ ಹಿಡೀತಾರ."

"ಹಂಗಾರ ಮಾವಾರು ಬರೂತನಾ ಕಾಯ್ರಿ."

ಕಾಯಬಹುದಿತ್ತು. ಆದರೆ ಪ್ರತಿ ಸಲ ತಿದ್ದಿದಾಗ ಮಾವನನ್ನು ಹುಡುಕಿಕೊಂಡು ಹೊಲಕ್ಕೆ ಹೋಗುವುದೇ? ಮನೆಯವರಿಗೆ ರಿಫ್ರೆಶ್ ಕಲಿಸುವ ಬದಲು, ರಿಫ್ರೆಶ್ ಆಗದ ಟ್ಯಾಬಿನಲ್ಲೇ ನಡೆಯುವಂತೆ ಎಕ್ಸ್‌ಟೆನ್ಶನ್ನನ್ನು ಬರೆಯಬೇಕು. ಹೀಗೆಂದಾಗ ಅವನು, "ಇದಕ್ಕೊಂದು ಪ್ಯಾಕೇಜ್ ಐತ್ರಿ..." ಎಂದ.

"ಫೋನ್ ಇಡತಿಯೋ ಇಲ್ಲೋ?"

ಅವನು ಅತ್ತ ನಗುತ್ತಿದ್ದ, ಇತ್ತ ನಾನೂ ನಕ್ಕೆ. ಫೋನ್ ಇಡದೆ ಇಬ್ಬರೂ ಕೆಲಸಕ್ಕೆ ಕೂತೆವು. ಸೀರೆಯ ರಾಶಿಯನ್ನು ಸರಿಸಿ ನನಗೊಂದು ಜಾಗ ಮಾಡಿಕೊಟ್ಟರು. ಹಿನ್ನೆಲೆಯ ಸ್ಕ್ರಿಪ್ಟಿಗೆ ಒಂದು ಹೊಸ ಕೆಲಸ ಹಚ್ಚಿದೆವು: ಎಕ್ಸ್‌ಟೆನ್ಶನ್ ಹೊಸದಾದ ಕೂಡಲೇ ಆ ವೆಬ್‌ಸೈಟಿನ ಯಾವ ಟ್ಯಾಬು ತೆರೆದಿದ್ದರೂ ಅದರೊಳಗೆ ಹೊಸ ಸ್ಕ್ರಿಪ್ಟನ್ನು ತಾನೇ ಹೊಗಿಸಬೇಕು. ಹೊಸ ಸ್ಕ್ರಿಪ್ಟು ಮೊದಲು ಹಳೆಯದು ಅಂಟಿಸಿದ ಚೀಟಿಗಳನ್ನೆಲ್ಲ ಕಿತ್ತು ಹಾಕಬೇಕು. ಬಣ್ಣದ ಕೋಷ್ಟಕವನ್ನು ಯಾವ ಬುತ್ತಿಯಲ್ಲೂ ಕಟ್ಟಬಾರದು. ಅದು ಸ್ಟೋರೇಜಿನಲ್ಲಿ ಒಂದೇ ಕಡೆ ಇರಲಿ, ಅಲ್ಲಿ ಬದಲಾದಾಗ ಎಲ್ಲರಿಗೂ ಸುದ್ದಿ ಮುಟ್ಟಲಿ.

ಬ್ರೌಸರಿನವರ ಅಂಗಡಿಯ ಒಪ್ಪಿಗೆಗೆ ಕಾಯುವಷ್ಟು ಹೊತ್ತಿರಲಿಲ್ಲ, ಫೈಲುಗಳನ್ನು ಅಕ್ಕನ ಬ್ರೌಸರಿಗೆ ನೇರವಾಗಿ ಹಾಕಿದೆ. ಮೊದಲ ಸಲ ಚೀಟಿಗಳು ಎರಡೆರಡು ಬಂದವು, ದಾಳಿಂಬರದ ಪಕ್ಕದಲ್ಲೇ ಬದನಿಕಾಯಿ. ಹಳೆಯ ಸ್ಕ್ರಿಪ್ಟು ಸತ್ತಿರಲಿಲ್ಲ, ನಾವು ಕಿತ್ತದ್ದನ್ನು ಅದು ಮತ್ತೆ ಅಂಟಿಸುತ್ತಿತ್ತು. ಹಿರಿಯ ನೆಗೆಣ್ಣಿ ಇಣುಕಿ ನೋಡಿ, "ಎರಡೂ ಕಳಸೂದೇನ?" ಎಂದಳು. ಚೀಟಿ ಇಲ್ಲದ ಸಾಲು ಕಂಡರೆ ಹಳೆಯದು ಅಂಟಿಸುತ್ತದೆ, ಇದ್ದರೆ ಮುಟ್ಟುವುದಿಲ್ಲ ಎಂಬುದು ಮುಧೋಳದವನಿಗೆ ನೆನಪಿತ್ತು. ಅದನ್ನು ಬರೆದವನು ಅವನೇ. ಹಳೆಯ ಚೀಟಿ ಕೀಳುವ ಬದಲು ಅದರ ಮೇಲಿನ ಅಕ್ಷರವನ್ನೇ ಬದಲಿಸಿದರಾಯಿತು ಎಂದ. ಅವನನ್ನು ಅಲ್ಲಿಂದಲೇ ಅಪ್ಪಿಕೊಳ್ಳಬೇಕೆನಿಸಿತು. ಅಂಗಡಿಯ ಒಪ್ಪಿಗೆಗೆ ಕಾಯುವಷ್ಟು ಹೊತ್ತಿರಲಿಲ್ಲ, ಫೈಲುಗಳನ್ನು ಅಕ್ಕನ ಬ್ರೌಸರಿಗೆ ನೇರವಾಗಿ ಹಾಕಿದೆ.

ಪುಟ ಅಲುಗಲಿಲ್ಲ, ಯಾರನ್ನೂ ಹೊರಗೆ ಹಾಕಲಿಲ್ಲ. ನೋಡುನೋಡುತ್ತಿದ್ದ ಹಾಗೆ ದಾಳಿಂಬರ, ದಾಳಿಂಬರ, ದಾಳಿಂಬರ ಎಂದಿದ್ದ ಸಾಲು ಬದನಿಕಾಯಿ, ಬದನಿಕಾಯಿ, ಬದನಿಕಾಯಿ ಎಂದಾಯಿತು. ನಂಬಿಕೆಯಾಗದೆ ಅಕ್ಕ ಪಾಪ್‌ಅಪ್ಪಿನಲ್ಲಿ ಬೇರೆ ಒಂದು ಬಣ್ಣ ತಿದ್ದಿದರು. ಪುಟದಲ್ಲೂ ಬದಲಾಯಿತು. ಮತ್ತೆ ತಿದ್ದಿದರು, ಮತ್ತೆ ಬದಲಾಯಿತು.

"ಏ ಬರ್ರಿ ಇಲ್ಲೆ, ನಾ ಹೇಳಿದ್ದ ಕೇಳಾಕತ್ತೈತಿ ಇದು!" ಎಂದು ಅವರು ಕೂಗಿದ ರಭಸಕ್ಕೆ ಒಳಗೆ ಮಗ್ಗ ನಿಂತು, ಅಕ್ಕನ ಗಂಡ ಹೊರಗೆ ಬಂದು ನೋಡಿ ಹೋದರು.

ಆಮೇಲೆ ಶುರುವಾಯಿತು ಗದ್ದಲ. ಪ್ಯಾಕಾಗಿ ಮೂಲೆಯಲ್ಲಿ ಕೂತಿದ್ದ ಪೊಟ್ಟಣಗಳನ್ನೆಲ್ಲ ಬಿಚ್ಚಿ ನೋಡಿದೆವು, ತಪ್ಪಿದ್ದನ್ನು ತೆಗೆದು ಸರಿಯಾದದ್ದು ಇಟ್ಟು ಮತ್ತೆ ಅಂಟಿಸಿದೆವು. ನನಗೂ ಟೇಪು ಕೊಟ್ಟರು. ನಾನ್ಯಾವ ಪೊಟ್ಟಣ ಮುಟ್ಟಿದರೂ ಕಿರಿಯ ನೆಗೆಣ್ಣಿ ಒಮ್ಮೆ ಬಣ್ಣ ಪರೀಕ್ಷಿಸಿಯೇ ಬಿಡುತ್ತಿದ್ದಳು. ಕೊರಿಯರಿನವನು ಬಂದು ಎರಡು ಕಪ್ ಚಾ ಕುಡಿದು ಕಾದ, ಕಾದದ್ದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ.

ದೀಪಾವಳಿ ಮುಗಿದ ಮೇಲೆ ಅಕ್ಕ ನಮ್ಮಿಬ್ಬರನ್ನೂ ಹೋಳಿಗೆ ಊಟಕ್ಕೆ ಕರೆದರು. ನಾವು ಹೋದಾಗ ಮಾವ ಮನೆಯಲ್ಲೇ ಇದ್ದರು, ಅವರ ಕಾಲ ಬಳಿ ಆ ಸಣಕಲು ಎತ್ತರದ ನಾಯಿ. ವೆಬ್‌ಸೈಟಿನವರಿಂದ ಸಂದೇಶ ಬಂದಿತ್ತು. ಎಚ್ಚರಿಕೆ ಹಿಂದಕ್ಕೆ ಪಡೆದಿದ್ದೇವೆ, ಹೊಸದಾಗಿ ಲಾಗಿನ್ ಆಗಿ ಒಪ್ಪಿಗೆ ಕೊಟ್ಟರೆ ಅಂಗಡಿ ಮೊದಲಿನಂತೆ ನಡೆಯುತ್ತದೆ. ಅಕ್ಕ ಅದನ್ನು ಎರಡು ಸಲ ಓದಿ ಹೇಳಿದರು. ನನ್ನ ಕಣ್ಣು ತುಂಬಿತು, ಮುಚ್ಚಿಡಲಿಲ್ಲ.

"ಓಟಿಪಿ ಹೇಳ್ರಿ ಮಾವಾರ" ಎಂದರು ಅಕ್ಕ.

ಮಾವ ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು, ಒಂದೊಂದೇ ಅಂಕಿಯನ್ನು ಕೂಗಿ ಹೇಳಿದರು. ಒಳಗೆ ಹೋದದ್ದಾಯಿತು, ಒಪ್ಪಿಗೆ ಒತ್ತಿದ್ದೂ ಆಯಿತು. ಮುಧೋಳದವನು ಮೆಲ್ಲಗೆ, "ಕಾಕಾರ, ಆವತ್ತ ನಿಮ್ಮ ಫೋನ್ ಬಂದ್ ಇತ್ತಂತ ಇಲ್ಲೆ ಎಲ್ಲಾರದೂ ಜೀವಾ ಹೋಗಿತ್ರಿ" ಎಂದ.

ಮಾವ ಅವನನ್ನು ನೋಡಿದರು, ಸೊಸೆಯನ್ನು ನೋಡಿದರು.

"ನನಗ್ಯಾಕ ಯಾರೂ ಹೇಳಲಿಲ್ಲ?" ಎಂದರು. "ಅಂಗಡಿ ನಡಸಾಕಿ ಅಕಿ. ನೇಯಿಸಾಕಿ ಅಕಿ. ನಂಬರ ನಂದ್ಯಾಕ? ನಾಯಿ ಬಿಟ್ಟು ನಾ ಫೋನ ನೋಡ್ಕೋಂತ ಕೂಡಾಕ ಆಗೂದಿಲ್ಲ. ಈಗ ತಗೀರಿ ಅದನ್ನ, ಅಕೀದು ಹಾಕ್ರಿ."

ನಂಬರು ಬದಲಿಸಲು ಮಾವ ಕೊನೆಯ ಸಲ ಅಂಕಿ ಕೂಗಿದರು. ಅಕ್ಕನ ನಂಬರು ಕೂತಿತು.

ಅಕ್ಕ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಮೌಸಿನ ಬಾಣವನ್ನು ಟ್ಯಾಬಿನ ಮೂಲೆಗೆ ಒಯ್ದು, ಯಾರೂ ಏನೂ ಅನ್ನುವ ಮೊದಲೇ, ಅದನ್ನು ಮುಚ್ಚಿಬಿಟ್ಟರು.

"ಅಯ್ಯ!" ಎಂದು ನೆಗೆಣ್ಣಿಯರು ಅಭ್ಯಾಸಬಲದಿಂದ ಚೀರಿದರು. ನಾಯಿ ಎದ್ದು ನಿಂತಿತು.

ಅಕ್ಕ ವೆಬ್‌ಸೈಟನ್ನು ಮೊದಲಿನಿಂದ ತೆರೆದರು. ಅವರ ಮಡಿಲಲ್ಲಿದ್ದ ಫೋನು ಕುಂಯ್ ಎಂದಿತು. ಈಗ ಯಾರಿಗೂ ಹೇಳಬೇಕಾಗಿರದಿದ್ದರೂ, ಮಾವನ ಹಾಗೆಯೇ ಒಂದೊಂದು ಅಂಕಿಯನ್ನೂ ಜೋರಾಗಿ ಕೂಗುತ್ತ ತಾವೇ ಒತ್ತಿದರು. ಅಂಗಡಿ ತೆರೆಯಿತು. ನಮ್ಮ ಚೀಟಿಗಳು ಒಂದೊಂದಾಗಿ ಬಂದು ಕೂತವು.

"ಇನ್ನೊಮ್ಮಿ ಮುಚ್ಚಲೇನ?" ಎಂದು ಅಕ್ಕ ನನ್ನನ್ನು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಮತ್ತೆ ಮುಚ್ಚಿದರು.